ಕಾಯಿ ಕೇಳುತ್ತಿದ್ದ ಚಿಕ್ಕಗೌರಮ್ಮ

ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಹೊನ್ನವಳ್ಳಿಯ ಚಿಕ್ಕಗೌರಮ್ಮ ತಮ್ಮ ಕೊಬ್ಬರಿ ಅಟ್ಟದ ಮೇಲೆ ಕೂತು, ಒಂದು ತೆಂಗಿನಕಾಯನ್ನು ಬಲಗಿವಿಯ ಪಕ್ಕಕ್ಕೆ ಹಿಡಿದು ಅಲ್ಲಾಡಿಸುತ್ತಿದ್ದರು. ಹೊತ್ತು ಇಷ್ಟು ಖಚಿತವಾಗಿ ಗೊತ್ತಾಗಿರುವುದು ಡೈರಿಯ ಚೀಟಿಯಿಂದ. ಹಾಲು ಹಾಕಿ ಬಂದವರು ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಏಣಿ ಹತ್ತಿದ್ದರು. ಅದರ ಮೇಲೆ ಯಂತ್ರ ಒತ್ತಿದ್ದ ಸಮಯ ಆರು ಇಪ್ಪತ್ತೆಂಟು. ಡೈರಿಯಿಂದ ಮನೆಗೆ, ಮನೆಯಿಂದ ಅಟ್ಟಕ್ಕೆ ಹನ್ನೆರಡು ನಿಮಿಷ ಸಾಕು.

ಆ ಕಾಯಿಯನ್ನು ಕೆಳಗಿಟ್ಟರು. ಇನ್ನೊಂದನ್ನು ತೆಗೆದುಕೊಂಡರು. ಅದನ್ನೂ ಕೆಳಗಿಟ್ಟರು.

ತೆಂಗು ಬೆಳೆಯದ ಊರಿನ ಓದುಗರಿಗೆ ಒಂದು ಮಾತು ಹೇಳಬೇಕು. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಬಿಸಿಲಲ್ಲಿ ಒಣಗುವುದಲ್ಲ. ಬಲಿತ ಕಾಯಿಯನ್ನು ಮಟ್ಟೆಸಮೇತ, ಅಂದರೆ ಹೊರಗಿನ ನಾರಿನ ಸಿಪ್ಪೆ ಸುಲಿಯದೆ, ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು ಗುಂಡಗೆ ಒಂದು ಉಂಡೆಯಾಗುತ್ತದೆ. ಕಾಯಿ ಒಡೆಯದೆ ಅದು ಆಗಿದೆಯೋ ಇಲ್ಲವೋ ತಿಳಿಯಲು ಇರುವ ದಾರಿ ಕಿವಿಯೊಂದೇ. ಆದ ಕಾಯಿ ಅಲ್ಲಾಡಿಸಿದರೆ ಒಣ ಸದ್ದು ಮಾಡುತ್ತದೆ, ಮರದ ಡಬ್ಬಿಯಲ್ಲಿ ಅಡಿಕೆ ಉರುಳಿದ ಹಾಗೆ. ಇನ್ನೂ ನೀರಿರುವ ಕಾಯಿಯ ಸದ್ದು ಮಂಕು. ಎರಡಕ್ಕೂ ನಡುವೆ ಇರುವ ಕಾಯಿಗಳೇ ಕಷ್ಟದವು. ಅವನ್ನು ತಪ್ಪಾಗಿ ಸುಲಿದರೆ ಒಳಗೆ ಅರೆಹಸಿ ತಿರುಳು ಬೂಸಲು ಹಿಡಿದು ಹಾಳಾಗುತ್ತದೆ.

ಆ ನಡುವಿನ ಕಾಯಿಗಳನ್ನು ಕೇಳುವುದರಲ್ಲಿ ಚಿಕ್ಕಗೌರಮ್ಮನವರಿಗೆ ಹೆಸರಿತ್ತು. ಸಂಪಿಗೆ ಎಂಬ ಊರಿನ ತವರಿನಲ್ಲಿ ತಾಯಿ ಕೆಂಚಮ್ಮನ ಪಕ್ಕ ಕೂತು ಕಲಿತದ್ದು. ಮದುವೆಯಾಗಿ ಹೊನ್ನವಳ್ಳಿಗೆ ಬಂದ ಮೇಲೆ ಅಕ್ಕಪಕ್ಕದ ಮನೆಯವರೂ ಕೊಬ್ಬರಿ ಸುಲಿಯುವ ಮುಂಚೆ ‘ಗೌರಕ್ಕ ಒಂದ್ಸಲ ಕೇಳ್ಬುಡ್ಲಿ’ ಎನ್ನುತ್ತಿದ್ದರು. ಅವರಿಗೆ ಮಕ್ಕಳಿಲ್ಲ. ಬೇಸಿಗೆ ರಜೆಯಲ್ಲಿ ಬರುತ್ತಿದ್ದ ತಂಗಿಯ ಮಗಳು ಕೃತಿಕಾಳಿಗೆ ಆ ವಿದ್ಯೆಯನ್ನು ಕಲಿಸಿದ್ದರು.

ಆ ಬೆಳಗ್ಗೆ ಕೆಳಗೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಗಂಡ ಗಂಗರಾಜು ತಲೆಯೆತ್ತಿ ಕೂಗಿದರು.

“ಏನೇ, ಎಷ್ಟು ಬಂದ್ವು?”

ಉತ್ತರ ಬರಲಿಲ್ಲ. ಮತ್ತೆ ಕೂಗಿದರು.

“ಒಂದೂ ಬಂದಿಲ್ಲ ಕಣ್ರೀ,” ಎಂದರು ಚಿಕ್ಕಗೌರಮ್ಮ. “ಎಲ್ಲಾ ಹಸೀವು. ಒದ್ದೆ ಬಟ್ಟೆ ಸುತ್ತಿದಂಗೆ ಅಂತಾವೆ.”

“ಹನ್ನೊಂದು ತಿಂಗ್ಳಾತು ಕಣೇ!”

“ನಾನೇನ್ ಮಾಡ್ಲಿ, ಕಾಯಿ ಹೇಳೋದ್ನ ನಾನು ಹೇಳ್ತಾ ಇದೀನಿ.”

“ಹೋದ ಸಲದ ಮಳೆ ಕಣೇ ಅದು. ಅಟ್ಟದಾಗೆ ತಂಪು ಕೂತ್ಕಂಡೈತೆ. ಬುಡು, ಇನ್ನೊಂದಷ್ಟು ದಿನ ಮಲಗ್ಲಿ.”

ಇಲ್ಲಿ ನಡೆದ ತಪ್ಪು ಕೊಬ್ಬರಿ ಮಾಡುವ ಮನೆಯಲ್ಲಲ್ಲದೆ ಬೇರೆಲ್ಲೂ ನಡೆಯುವಂಥದಲ್ಲ. ಕಾಯಿಗಳೆಲ್ಲ ಒಣಗಿದ್ದವು. ಒಣಗಿದ ಕೊಬ್ಬರಿಯ ಸದ್ದಿನಲ್ಲಿ ಎತ್ತರದ ಸ್ವರಗಳು ಹೆಚ್ಚು. ಅವನ್ನು ತೆಗೆದುಬಿಟ್ಟರೆ ಉಳಿಯುವುದು ಮಂಕು ಸದ್ದು, ಅಂದರೆ ಹಸಿ ಕಾಯಿಯದೇ ಸದ್ದು. ಚಿಕ್ಕಗೌರಮ್ಮನ ಕಿವಿಯಿಂದ ಆ ಎತ್ತರದ ಸ್ವರಗಳು ಹೊರಟುಹೋಗಿದ್ದವು. ಆದರೆ ಅಟ್ಟದ ಮೇಲೆ ಕೂತವರು ಅನುಮಾನಪಟ್ಟದ್ದು ಕಾಯಿಯ ಮೇಲೆ, ಮಳೆಯ ಮೇಲೆ. ಮೂವತ್ತು ವರ್ಷ ತಪ್ಪದ ಕಿವಿಯ ಮೇಲೆ ಯಾರು ಅನುಮಾನ ಪಡುತ್ತಾರೆ?

ಆಮೇಲೆ ಅವರೇ ಒಂದು ಮಾತು ಹೇಳಿದರು: “ಅಂಗೈಗೆ ಗೊತ್ತಾಗ್ತಿತ್ತು. ಒಳಗೆ ಗಟ್ಟಿಯಾಗಿ ಬಡೀತಿತ್ತು. ಆದ್ರೆ ಕಿವಿ ಹಸೀದು ಅಂತಿತ್ತು. ನಾನು ಕಿವೀನೇ ನಂಬ್ದೆ.”

ಅದೇ ವಾರ ಅವರು ದಿನವೂ ಬಸ್ಸು ಹತ್ತಿ ಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಸೂಜಿ ಹಾಕಿಸಿಕೊಳ್ಳಲು ಹೋಗುತ್ತಿದ್ದರು. ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿ ಚಳಿಜ್ವರ ಬಂದಿತ್ತು. ಮಾತ್ರೆಗಳು ನಾಟಲಿಲ್ಲ. ಮೂತ್ರವನ್ನು ಕಲ್ಚರ್‌ಗೆ ಕಳಿಸಿದಾಗ ಆ ರೋಗಾಣು ಬಹುತೇಕ ಔಷಧಿಗಳಿಗೆ ಬಗ್ಗುವುದಿಲ್ಲ, ಅಮಿಕಾಸಿನ್‌ಗೆ ಬಗ್ಗುತ್ತದೆ ಎಂದು ಬಂತು. ವೈದ್ಯರು ಅದನ್ನೇ ಬರೆದರು. ತೂಕ ನೋಡಿ ಅಳತೆ ಹಾಕಿದರು. ದಿನವೂ ಸೂಜಿ ಹಾಕುವ ಮುಂಚೆ ನರ್ಸು ಕೇಳಬೇಕಾದ ಪ್ರಶ್ನೆಯನ್ನೂ ಕೇಳಿದಳು: “ಅಮ್ಮ, ಕಿವೀಲಿ ಏನಾದ್ರೂ ಗುಯ್ ಅನ್ನುತ್ತಾ?”

“ಇಲ್ಲ ಕಣವ್ವ,” ಎಂದಿದ್ದರು ಚಿಕ್ಕಗೌರಮ್ಮ.

ಗುಯ್ ಅನ್ನುತ್ತಿತ್ತು. ಆದರೆ ಅವರ ತೋಟದ ಆಚೆಗೆ ತೆಂಗಿನ ನಾರಿನ ಫ್ಯಾಕ್ಟರಿಯೊಂದಿದೆ. ಅದು ಈಚೆಗೆ ರಾತ್ರಿ ಪಾಳಿಯನ್ನೂ ಶುರುಮಾಡಿದೆ ಎಂದು ಯಾರೋ ಹೇಳಿದ್ದರು. ಸದ್ದು ಅಲ್ಲಿಂದ ಬರುತ್ತಿದೆ ಎಂದುಕೊಂಡರು. ಬೇರೆಯವರ ಫ್ಯಾಕ್ಟರಿಯ ಸದ್ದನ್ನು ನರ್ಸಿಗೆ ಯಾಕೆ ಹೇಳಬೇಕು?

ಜ್ವರ ಪೂರ್ತಿ ಇಳಿಯಿತು. ಔಷಧಿ ತನ್ನ ಕೆಲಸ ಮಾಡಿತ್ತು.

ಅದಾದ ಮೇಲೆ ತಿಪಟೂರಿನ ಕೊಬ್ಬರಿ ವ್ಯಾಪಾರಿ ಹಾಲಸ್ವಾಮಿ ಬಂದರು. ವರ್ಷಗಳಿಂದ ಈ ಮನೆಯ ಸರಕು ಒಯ್ಯುವವರು. ಚಿಕ್ಕಗೌರಮ್ಮನನ್ನು ಕೆಣಕದೆ ಕಾಫಿ ಕುಡಿದವರಲ್ಲ.

“ಏನ್ ಗೌರಕ್ಕ, ಇನ್ನೂ ಆಗಿಲ್ವಂತೆ? ರೇಟು ಏರ್ಲಿ ಅಂತ ಕಾಯ್ತಾ ಇದೀಯೋ, ಕಾಯಿ ಆಗ್ಲಿ ಅಂತಾನೋ?”

ಚಿಕ್ಕಗೌರಮ್ಮ ನಕ್ಕು, “ಕಾಫಿ ಮಾಡ್ತೀನಿ ಕೂತ್ಕಳಿ ಸಾವ್ಕಾರ್ರೆ,” ಎಂದರು. ಹಾಲಸ್ವಾಮಿ ಗಂಗರಾಜುವಿನ ಮುಖ ನೋಡಿದರು. ಏಣಿಯ ಪಕ್ಕ ಬಿದ್ದಿದ್ದ ಒಂದು ಕಾಯಿ ಎತ್ತಿ ಅಲ್ಲಾಡಿಸಿದರು.

“ಲೇ ಗಂಗರಾಜ, ಇದು ಗಲಗಲ ಅಂತೈತಲ್ಲೋ! ಇದ್ನ ಹಸೀದು ಅಂದೋರ್ಯಾರ್ಲಾ?”

ಇನ್ನೊಂದು ಎತ್ತಿದರು. ಅದೂ ಹಾಗೆಯೇ. ಗಂಗರಾಜು ಮಚ್ಚು ತಂದು ಮಟ್ಟೆ ಕಡಿದು ಚಿಪ್ಪು ಬಿಡಿಸಿದರು. ಒಳಗೆ ಕಂದು ಬಣ್ಣದ ಉಂಡೆ. ಬೆರಳಲ್ಲಿ ಕುಟ್ಟಿದರೆ ಠಣ್ ಎನ್ನುವಷ್ಟು ಒಣಗಿತ್ತು.

ಚಿಕ್ಕಗೌರಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಾಲಸ್ವಾಮಿ ಆ ಉಂಡೆಯನ್ನು ಚಿಪ್ಪಿಗೆ ಬಡಿದು ತೋರಿಸಿ ಜೋರಾಗಿ ಕೇಳಿದರು, “ಗೌರಕ್ಕ, ಇದು ಕೇಳ್ಲಿಲ್ವೇನವ್ವ ನಿನಗೆ?”

“ಏನಂದ್ರಿ?” ಎಂದರು ಅವರು. ಲೋಟ ಕೆಳಗಿಟ್ಟು, ಹತ್ತಿರ ಬಂದು, ಮತ್ತೆ ಕೇಳಿದರು. “ಏನಂದ್ರಿ?”

ಹಾಲಸ್ವಾಮಿ ಆಮೇಲೆ ಏನೂ ಕೆಣಕಲಿಲ್ಲ.

ತುಮಕೂರಿನ ಕಿವಿ ವೈದ್ಯೆ ಡಾಕ್ಟರ್ ಜೀವಿತಾ ಪರೀಕ್ಷೆಯ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಒಂದೊಂದೇ ಸ್ವರ ಬಿಟ್ಟು ನೋಡಿದರು. ಎತ್ತರದ ಸ್ವರ ಒಂದೂ ಇಲ್ಲ. ನಡುವಿನವೂ ಇಲ್ಲ. ಕೆಳಗಿನವು ಅಷ್ಟಿಷ್ಟು. ಇಷ್ಟು ಕಡಿಮೆ ಔಷಧಿಗೆ ಇಷ್ಟು ದೊಡ್ಡ ನಷ್ಟ ಸಾಮಾನ್ಯವಲ್ಲ. ಹಾಗಾಗಿ ರಕ್ತವನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬಂತು. ಆ ಉತ್ತರವನ್ನು ಅರ್ಥಮಾಡಿಕೊಳ್ಳಲು ಸ್ವಲ್ಪ ಒಳಗೆ ಇಳಿಯಬೇಕು.

ಯಾವ ಜೀವಕೋಶವೂ ಬದುಕಬೇಕಾದರೆ ಪ್ರೋಟೀನು ಕಟ್ಟುತ್ತಿರಬೇಕು. ಕಟ್ಟುವ ಯಂತ್ರದ ಹೆಸರು ರೈಬೋಸೋಮ್. ಆ ಯಂತ್ರದ ತಿರುಳು ಆರ್‌ಎನ್‌ಎ, ಅಂದರೆ ನಾಲ್ಕೇ ಬಗೆಯ ಅಕ್ಷರಗಳನ್ನು ಪೋಣಿಸಿದ ಉದ್ದನೆಯ ದಾರ. ದಾರ ನೆಟ್ಟಗೆ ಇರುವುದಿಲ್ಲ. ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಎದುರುಬದುರಾದ ಅಕ್ಷರಗಳು ಹೊಂದಿದರೆ ಕೈ ಹಿಡಿಯುತ್ತವೆ. ಹೊಂದದಿದ್ದಲ್ಲಿ ದಾರ ಉಬ್ಬಿ ಒಂದು ಪುಟ್ಟ ಪೊಟರೆಯಾಗುತ್ತದೆ. ರೋಗಾಣುವಿನ ರೈಬೋಸೋಮಿನಲ್ಲಿ ಅಂಥ ಒಂದು ಪೊಟರೆಯಿದೆ. ಅದರೊಳಗೆ ಇರುವ ಎರಡು ಅಕ್ಷರಗಳದ್ದು ಕಾವಲಿನ ಕೆಲಸ. ಪ್ರೋಟೀನಿಗೆ ಸರಿಯಾದ ತುಂಡು ಬಂದಾಗ ಮಾತ್ರ ಅವು ಪೊಟರೆಯಿಂದ ಹೊರಕ್ಕೆ ಹೊರಳಿ, ಸರಿ ಎಂದು ಮುದ್ರೆ ಒತ್ತುತ್ತವೆ.

ಅಮಿಕಾಸಿನ್ ಬಹಳ ಚಿಕ್ಕ ಅಣು. ಅದು ಬಂದು ಆ ಪೊಟರೆಯಲ್ಲಿ ಕೂರುತ್ತದೆ. ಕೂತರೆ ಒಳಗೆ ಜಾಗ ಇರುವುದಿಲ್ಲ. ಕಾವಲಿನ ಎರಡೂ ಅಕ್ಷರಗಳು ಸದಾ ಹೊರಗೇ ನಿಲ್ಲುತ್ತವೆ. ಸರಿಯಾದ ತುಂಡು ಬಂದರೂ ಮುದ್ರೆ, ತಪ್ಪು ತುಂಡು ಬಂದರೂ ಮುದ್ರೆ. ಕೆಟ್ಟ ಪ್ರೋಟೀನುಗಳು ತುಂಬಿ ರೋಗಾಣು ಸಾಯುತ್ತದೆ. ಔಷಧಿಗೆ ಶತ್ರು ಯಾರು, ಮಿತ್ರ ಯಾರು ಎಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪೊಟರೆಯ ಆಕಾರ.

ಮನುಷ್ಯರ ರೈಬೋಸೋಮಿನಲ್ಲಿ ಆ ಆಕಾರ ಬೇರೆ. ಆದರೆ ನಮ್ಮ ಜೀವಕೋಶದೊಳಗೆ ಮೈಟೋಕಾಂಡ್ರಿಯ ಎಂಬ ಪುಟ್ಟ ಅಂಗಗಳಿವೆ. ಕೋಶಕ್ಕೆ ಬೇಕಾದ ಶಕ್ತಿ ಬರುವುದು ಅವುಗಳಿಂದ. ಎಷ್ಟೋ ಕೋಟಿ ವರ್ಷಗಳ ಹಿಂದೆ ಅವೂ ಸ್ವತಂತ್ರ ಬ್ಯಾಕ್ಟೀರಿಯಾಗಳೇ. ಅವುಗಳಿಗೆ ಇವತ್ತಿಗೂ ತಮ್ಮದೇ ರೈಬೋಸೋಮ್ ಇದೆ, ಅದರಲ್ಲಿ ಹೆಚ್ಚುಕಡಿಮೆ ಅದೇ ಪೊಟರೆಯೂ ಇದೆ. ಹೆಚ್ಚಿನವರಲ್ಲಿ ಅದರ ಬಾಯಿ ಸ್ವಲ್ಪ ಅಗಲ, ಯಾಕೆಂದರೆ ಸಾವಿರದ ಐನೂರ ಐವತ್ತೈದನೆಯ ಜಾಗದ ಅಕ್ಷರ ಎದುರಿನ ಅಕ್ಷರದ ಕೈ ಹಿಡಿಯುವುದಿಲ್ಲ. ಅಗಲವಾದ ಪೊಟರೆಯಲ್ಲಿ ಔಷಧಿ ನೆಟ್ಟಗೆ ಕೂರದೆ ಜಾರಿಹೋಗುತ್ತದೆ. ಕೆಲವೇ ಕೆಲವರಲ್ಲಿ ಆ ಜಾಗದಲ್ಲಿ ಬೇರೆ ಅಕ್ಷರ ಇರುತ್ತದೆ. ಅದು ಎದುರಿನ ಅಕ್ಷರದ ಕೈ ಹಿಡಿದುಬಿಡುತ್ತದೆ. ಬಾಯಿ ಬಿಗಿಯುತ್ತದೆ. ಪೊಟರೆ ರೋಗಾಣುವಿನ ಪೊಟರೆಯಂತೆಯೇ ಆಗುತ್ತದೆ. ಔಷಧಿ ಬಂದು ಅಲ್ಲೂ ಕೂರುತ್ತದೆ.

ಚಿಕ್ಕಗೌರಮ್ಮನಲ್ಲಿ ಇದ್ದದ್ದು ಆ ಅಕ್ಷರ. ಐವತ್ತೆರಡು ವರ್ಷ ಅದು ಅವರಿಗೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ.

ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೋಶಗಳಿಗೆ ಈ ಔಷಧಿ ಸುಲಭವಾಗಿ ನುಗ್ಗುತ್ತದೆ, ಬೇಗ ಬಿಟ್ಟು ಹೋಗುವುದಿಲ್ಲ. ಎತ್ತರದ ಸ್ವರ ಹಿಡಿಯುವ ಕೋಶಗಳು ಮೊದಲು ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಕಾಯಿಗಳು ಒದ್ದೆಯಾಗಿ ಕೇಳಿಸಿದ ಆ ಬೆಳಗ್ಗೆಯೇ ಸೂಜಿ ನಿಲ್ಲಿಸಿದ್ದರೆ ಕಿವಿ ಉಳಿಯುತ್ತಿತ್ತೇ ಎಂದು ಗಂಗರಾಜು ಕೇಳಿದರು. ಡಾಕ್ಟರ್ ಜೀವಿತಾ ಸುಳ್ಳು ಹೇಳಲಿಲ್ಲ. “ಸ್ವಲ್ಪ ಉಳೀತಿತ್ತೇನೋ. ಉಳೀದೇನೂ ಇರ್ಬಹುದಿತ್ತು. ನನಗೆ ಗೊತ್ತಿಲ್ಲ,” ಎಂದರು.

ಚಿಕ್ಕಗೌರಮ್ಮನಿಗಾಗಿ ಅವರು ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಿದರು: ಇದು ನಿಮ್ಮ ತಪ್ಪಲ್ಲ. ಹುಟ್ಟಿನಿಂದ ಬಂದದ್ದು, ತಾಯಿಯಿಂದ ಬಂದದ್ದು. ನಿಮ್ಮ ರಕ್ತಸಂಬಂಧಿಗಳಲ್ಲೂ ಇರಬಹುದು. ಅವರು ಈ ಸೂಜಿ ಹಾಕಿಸಿಕೊಳ್ಳದಿದ್ದರೆ ಅವರ ಕಿವಿ ಉಳಿಯುತ್ತದೆ. ಎಲ್ಲರಿಗೂ ಹೇಳಿ.

ಕೊಡಬಾರದ ಔಷಧಿಗಳ ಹೆಸರಿದ್ದ ಒಂದು ಚೀಟಿಯನ್ನೂ ಕೊಟ್ಟರು. ಚಿಕ್ಕಗೌರಮ್ಮ ಬರೆದದ್ದನ್ನು ಎರಡು ಸಲ ಓದಿದರು. ಅಳಲಿಲ್ಲ. ಮಾಡಲು ಒಂದು ಕೆಲಸ ಸಿಕ್ಕಿದವರಂತೆ ಎದ್ದರು.

ಕಿವಿಗೆ ಹಾಕುವ ಯಂತ್ರ ಬಂತು. ಅದರಿಂದ ಬಸ್ಸಿನ ಹಾರನ್ನು, ಬಾಗಿಲು ಬಡಿದದ್ದು ತಿಳಿಯುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ಕೊಬ್ಬರಿಯಂತೂ ಇಲ್ಲವೇ ಇಲ್ಲ. ತುಟಿ ನೋಡಿ ಮಾತು ಹಿಡಿಯಲು ಕಲಿಯತೊಡಗಿದರು. ಆದರೆ ಗಂಡನ ತುಟಿ ಓದಲು ಆಗಲಿಲ್ಲ. “ನಿಮ್ಮ ಮೀಸೆ ಅಡ್ಡ ಬತ್ತದೆ,” ಎಂದರು ಒಂದು ದಿನ. ಮಾರನೆಯ ಬೆಳಗ್ಗೆ ಗಂಗರಾಜು, ಮದುವೆಗೂ ಮುಂಚಿನಿಂದ ಇದ್ದ ಮೀಸೆಯನ್ನು ಬೋಳಿಸಿಕೊಂಡು ಬಂದರು.

ಬಸ್ ನಿಲ್ದಾಣದಲ್ಲಿ ಕೆಂಚಯ್ಯನೆಂಬ ಗೆಳೆಯ ಬಿಡಲಿಲ್ಲ. “ಏನ್ಲಾ ಗಂಗರಾಜ, ತಿರುಪತೀಗ್ ಹೋಗಿ ತಲೆ ಬುಟ್ಟು ಮೀಸೆ ಕೊಟ್ಟು ಬಂದೇನ್ಲಾ?”

“ಹೂಂ ಕಣ್ಲಾ, ದೇವ್ರು ಮನೇಲೇ ಅವ್ಳೆ,” ಎಂದು ಗಂಗರಾಜು ಬಸ್ಸು ಹತ್ತಿದರು.

ಆ ಬಸ್ಸು ಸಂಪಿಗೆಯ ಕಡೆಗೆ ಹೋಗುವುದು. ಚಿಕ್ಕಗೌರಮ್ಮ ಆಗಲೇ ಒಳಗೆ ಕೂತಿದ್ದರು. ಮಡಿಲಲ್ಲಿ ವೈದ್ಯರ ಚೀಟಿಯ ಜೆರಾಕ್ಸ್ ಪ್ರತಿಗಳ ಕಟ್ಟು.

ರಕ್ತಸಂಬಂಧಿಗಳು ಎಂದರೆ ಯಾರು ಎಂಬ ಬಗ್ಗೆ ಅವರಿಗೆ ಯಾವ ಸಂಶಯವೂ ಇರಲಿಲ್ಲ. ಒಕ್ಕಲು ಮನೆಗಳಲ್ಲಿ ಅದನ್ನು ತಿಳಿಯಲು ಒಂದು ಸ್ಪಷ್ಟ ಲೆಕ್ಕವಿದೆ, ಸೂತಕದ ಲೆಕ್ಕ. ಮನೆಯಲ್ಲಿ ಸಾವಾದರೆ ಯಾರು ಹನ್ನೊಂದು ದಿನ ಸೂತಕ ಹಿಡಿಯುತ್ತಾರೋ ಅವರು ಒಂದೇ ರಕ್ತ. ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳಿಗೆ ಮೂರೇ ದಿನ. ಅವರ ಮಕ್ಕಳಿಗೆ ಅದೂ ಇಲ್ಲ, ಆ ಮಕ್ಕಳು ಅಪ್ಪನ ಮನೆಯವರು. ಕೆಂಚಮ್ಮ ತೀರಿಕೊಂಡಾಗ ಹನ್ನೊಂದು ದಿನ ಹಿಡಿದವರು ಯಾರು ಯಾರು ಎಂಬುದು ಚಿಕ್ಕಗೌರಮ್ಮನಿಗೆ ಬಾಯಿಪಾಠ: ತಮ್ಮ ಶ್ರೀರಂಗಯ್ಯ, ಅವನ ಹೆಂಡತಿ ಮಕ್ಕಳು, ಕಿರಿಯ ತಮ್ಮ, ಅವನ ಹೆಂಡತಿ ಮಕ್ಕಳು, ಮೊಮ್ಮಕ್ಕಳು, ಆಮೇಲೆ ದಾಯಾದಿಗಳ ಮನೆಗಳು. ಅವರು ಒಂದೊಂದೇ ಮನೆಗೆ ಹೋದರು. ಚೀಟಿ ಕೊಟ್ಟರು. ಆಧಾರ್ ಕಾರ್ಡಿನ ಜೊತೆ ಇಡಲು ಹೇಳಿದರು. ಇಟ್ಟದ್ದನ್ನು ನೋಡಿಯೇ ಎದ್ದರು.

“ಅಕ್ಕಾ, ನನಗೆ ಸೂಜಿ ಕಂಡ್ರೇ ಆಗಲ್ಲ, ನಾನೆಲ್ಲಿ ಹಾಕಿಸ್ಕಂತೀನಿ?” ಎಂದು ಶ್ರೀರಂಗಯ್ಯ ನಗೆಯಾಡಿದರೆ, ತುಟಿ ಓದಿ ತಲೆಗೆ ಮೊಟಕಿದರು. “ನಗ್ಬೇಡ ಕಣ್ಲಾ. ಕಿವಿ ಹೋದ್ಮೇಲೆ ನಗೋದೂ ಕೇಳಲ್ಲ.”

ಇಲ್ಲೇ ಲೆಕ್ಕ ತಪ್ಪಿದ್ದು. ಮೈಟೋಕಾಂಡ್ರಿಯ ಮಗುವಿಗೆ ಬರುವುದು ತಾಯಿಯ ಅಂಡದಿಂದ ಮಾತ್ರ. ತಂದೆಯಿಂದ ಬರುವುದಿಲ್ಲ. ಕೆಂಚಮ್ಮನ ಆ ಅಕ್ಷರ ಅವಳ ಮಕ್ಕಳಿಗೆಲ್ಲ ಬಂತು. ಗಂಡುಮಕ್ಕಳಲ್ಲಿ ಅದು ಅಲ್ಲಿಗೇ ನಿಂತುಹೋಯಿತು. ಅವರ ಮಕ್ಕಳಿಗೆ ಹೋಗಲಿಲ್ಲ. ದಾಯಾದಿಗಳಿಗಂತೂ ಸಂಬಂಧವೇ ಇಲ್ಲ. ಅದು ಮುಂದಕ್ಕೆ ಹರಿದದ್ದು ಹೆಣ್ಣುಮಕ್ಕಳಿಂದ, ಅಂದರೆ ಸೂತಕದ ಲೆಕ್ಕ ಎಲ್ಲಿ ಕೈಬಿಡುತ್ತದೋ ಅಲ್ಲಿಂದ. ಚಿಕ್ಕಗೌರಮ್ಮನಿಗೆ ಮಕ್ಕಳಿಲ್ಲ. ತಂಗಿ ರಾಧಾಮಣಿ ತೀರಿಕೊಂಡು ಬಹಳ ವರ್ಷವಾಗಿತ್ತು. ಉಳಿದವಳು ರಾಧಾಮಣಿಯ ಒಬ್ಬಳೇ ಮಗಳು ಕೃತಿಕಾ.

ಕೃತಿಕಾ ತುರುವೇಕೆರೆಯ ಅಪ್ಪನ ಮನೆಯಲ್ಲಿ ಬೆಳೆದು, ನೊಣವಿನಕೆರೆಗೆ ಮದುವೆಯಾಗಿ ಹೋಗಿದ್ದಳು. ಆಗ ಅವಳು ಏಳು ತಿಂಗಳ ಬಸುರಿ. ದೊಡ್ಡಮ್ಮನಿಗೆ ಹೀಗಾಯಿತೆಂದು ತಿಳಿದು ಓಡಿಬಂದಿದ್ದಳು, ಅತ್ತಿದ್ದಳು. “ಏನಾಯ್ತು ದೊಡ್ಡಪ್ಪ?” ಎಂದರೆ ಗಂಗರಾಜು “ಸೂಜಿ ಒಗ್ಗಲಿಲ್ಲ ಕಣವ್ವ,” ಎಂದಿದ್ದರು. ಅಷ್ಟೇ. ತುಂಬಿದ ಬಸುರಿಗೆ ಹೆಚ್ಚು ಹೇಳಿ ಹೆದರಿಸಬಾರದು. ಅಲ್ಲದೆ ಅವಳು ಬೇರೆ ಮನೆಯ ಮಗು, ಈ ವಿಷಯ ಅವಳದಲ್ಲ. ಜೆರಾಕ್ಸ್ ಪ್ರತಿಗಳ ಕಟ್ಟು ಆಗ ಅದೇ ಕೋಣೆಯ ಗೂಡಿನಲ್ಲಿತ್ತು.

ತಾಯಿಯಿಲ್ಲದ ಹುಡುಗಿಯ ಬಾಣಂತನ ತಾನೇ ಮಾಡಬೇಕೆಂದು ಚಿಕ್ಕಗೌರಮ್ಮನಿಗೆ ಆಸೆಯಿತ್ತು. ಎಳ್ಳು, ಮೆಂತ್ಯ, ಹಳೆ ಸೀರೆಯ ಮೆತ್ತನೆಯ ಬಟ್ಟೆಗಳನ್ನು ಹೊಂದಿಸಿಟ್ಟಿದ್ದರು. ತುರುವೇಕೆರೆಯ ಅಜ್ಜಿ, ಕೃತಿಕಾಳ ಅಪ್ಪನ ತಾಯಿ, ಒಪ್ಪಲಿಲ್ಲ. “ಮಗು ರಾತ್ರಿ ಅತ್ರೆ ಅವಳಿಗೆ ಹೆಂಗಪ್ಪ ಗೊತ್ತಾಗ್ತದೆ? ಕಿವಿ ಬ್ಯಾಡ್ವಾ?” ಎಂದು ಗಂಗರಾಜುವಿಗೆ ಫೋನಿನಲ್ಲಿ ಹೇಳಿದರು. ಮಾತು ಒರಟಾಗಿರಲಿಲ್ಲ. ಸರಿಯಾಗಿಯೇ ಇತ್ತು. ಗಂಗರಾಜು ಅದನ್ನು ಹೆಂಡತಿಗೆ ಹೇಳಲು ಸಂಜೆಯವರೆಗೂ ತಡೆದರು.

ಹಾಗಾಗಿ ಕೃತಿಕಾಳಿಗೆ ಸಿಸೇರಿಯನ್ ಆಗಿ, ಗಾಯದಿಂದ ಜ್ವರ ಬಂದು, ಆಸ್ಪತ್ರೆಯಲ್ಲಿ ಅಮಿಕಾಸಿನ್ ಜಾತಿಯದೇ ಆದ ಜೆಂಟಾಮೈಸಿನ್ ಕೊಟ್ಟಾಗ ಪಕ್ಕದಲ್ಲಿ ಚಿಕ್ಕಗೌರಮ್ಮ ಇರಲಿಲ್ಲ. ಅಂಥ ಜ್ವರಕ್ಕೆ ಎಲ್ಲೆಡೆಯೂ ಕೊಡುವ ಔಷಧಿ ಅದು. ಮನೆಯಲ್ಲಿ ಯಾರಿಗಾದರೂ ಸೂಜಿಯಿಂದ ಕಿವಿ ಹೋಗಿದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ತುರುವೇಕೆರೆಯ ಅಜ್ಜಿ ‘ನಮ್ಮ ಮನೇಲಿ ಯಾರಿಗೂ ಇಲ್ಲ’ ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ಅದು ನಿಜ.

ಮಗುವಿಗೆ ಐದು ತಿಂಗಳು ತುಂಬಿದ ಮೇಲೆ ಕೃತಿಕಾ ಹೊನ್ನವಳ್ಳಿಗೆ ಬಂದಳು. ಗಂಗರಾಜುವೇ ಕರೆಸಿದ್ದರು. ಹಿಂದಿನ ಸಲ ಅವರೇ ಕಾಯಿ ಕೇಳಿ ಆರಿಸಿ, ನಡುವಿನವನ್ನೆಲ್ಲ ತಪ್ಪಾಗಿ ಸುಲಿದು, ಸಾಕಷ್ಟು ಸರಕು ಬೂಸಲು ಹಿಡಿದಿತ್ತು. ದೊಡ್ಡಮ್ಮನ ಕಿವಿ ಇದ್ದದ್ದು ಅವಳಿಗೊಬ್ಬಳಿಗೇ.

ಮಗುವನ್ನು ಕೆಳಗೆ ಗಂಗರಾಜುವಿನ ತೊಡೆಯ ಮೇಲೆ ಬಿಟ್ಟು ಇಬ್ಬರೂ ಏಣಿ ಹತ್ತಿದರು. ಚಿಕ್ಕಗೌರಮ್ಮ ಅಂದು ಹುರುಪಿನಲ್ಲಿದ್ದರು. ಒಂದು ಕಾಯಿ ಆರಿಸಿ ಕೊಟ್ಟರು. ಕೃತಿಕಾ ಬಲಗಿವಿಯ ಪಕ್ಕ ಹಿಡಿದು ಅಲ್ಲಾಡಿಸಿದಳು.

“ಇದು ಇನ್ನೂ ಹಸೀದು ದೊಡ್ಡಮ್ಮ,” ಎಂದಳು, ತುಟಿ ನಿಧಾನವಾಗಿ ಆಡಿಸುತ್ತ.

ಇನ್ನೊಂದು ಕೊಟ್ಟರು.

“ಇದೂನೂ. ಮಂಕಾಗೈತೆ.”

ಮತ್ತೊಂದು. ಅವಳು ಅದನ್ನು ಕಿವಿಗೆ ಇನ್ನೂ ಹತ್ತಿರ ತಂದು, ತಲೆ ಇನ್ನೂ ವಾಲಿಸಿ, ಇನ್ನೂ ಜೋರಾಗಿ ಅಲ್ಲಾಡಿಸಿದಳು.

ಕೆಳಗಿನಿಂದ ಗಂಗರಾಜು ನಕ್ಕರು. “ಏನವ್ವ ಕೃತಿಕಾ, ತಮಾಸೆ ಮಾಡ್ತಿಯಾ? ಇಲ್ಲಿಗಂಟ ಗಲಗಲ ಅಂತೈತಲ್ಲ!”

ಆ ಮಾತು ಚಿಕ್ಕಗೌರಮ್ಮನಿಗೆ ಕೇಳಲಿಲ್ಲ. ಅವರು ನೋಡುತ್ತಿದ್ದದ್ದು ಹುಡುಗಿಯ ಮುಖವನ್ನು. ಹುಬ್ಬು ಗಂಟಿಕ್ಕಿ, ಕಣ್ಣು ಒಂದೆಡೆ ನಿಲ್ಲಿಸಿ, ಕಾಯಿಯ ಮೇಲೆ ಅನುಮಾನಪಡುತ್ತಿರುವ ಮುಖ. ಆ ಮುಖ ಹೇಗಿರುತ್ತದೆ ಎಂದು ಅವರು ಎಂದೂ ಕಂಡಿರಲಿಲ್ಲ, ಯಾಕೆಂದರೆ ಹಿಂದಿನ ಸಲ ಅದು ಅವರದೇ ಆಗಿತ್ತು. ಆದರೂ ಗುರುತು ಸಿಕ್ಕಿತು.

ಕೈ ಚಾಚಿ, ಕೃತಿಕಾಳ ಬೆರಳುಗಳ ಮೇಲೆ ತಮ್ಮ ಅಂಗೈಯನ್ನು ಇಟ್ಟು, ಕಾಯಿಯನ್ನು ಅಲ್ಲಾಡಿಸಿದರು. ಒಳಗೆ ಗಟ್ಟಿಯಾದದ್ದೊಂದು ಬಡಿಯಿತು. ಮತ್ತೆ ಬುಡದಿಂದ ತುದಿಯವರೆಗೆ ಉರುಳಿ ಬಡಿಯಿತು. ಈ ಸಲ ಅವರು ಅಂಗೈಯನ್ನು ನಂಬಿದರು.

“ಆಸ್ಪತ್ರೇಲಿ ಸೂಜಿ ಹಾಕಿದ್ರಾ ನಿನಗೆ?” ಎಂದು ಕೇಳಿದರು. ತಮ್ಮ ದನಿ ಎಷ್ಟು ಜೋರಾಗಿದೆ ಎಂದು ಅವರಿಗೆ ತಿಳಿಯುವಂತಿರಲಿಲ್ಲ. ಕೆಳಗೆ ಮಗು ಬೆಚ್ಚಿ ಅಳತೊಡಗಿತು.

ಕೃತಿಕಾ ಹೌದೆಂದು ತಲೆಯಾಡಿಸಿದಳು. ಆಮೇಲೆ ಒಂದೊಂದೇ ಹೇಳಿದಳು: ಗಂಡ ‘ಕರೆದ್ರೆ ಕೇಳಲ್ವಾ’ ಎಂದು ರೇಗುತ್ತಾನೆ, ಮೊಬೈಲಿನ ಸ್ಪೀಕರ್ ಕೆಟ್ಟಿದೆಯೆಂದು ಬದಲಾಯಿಸಿದ್ದಾಯಿತು, ಮಗುವಿನ ನಿದ್ದೆಗೆಟ್ಟು ತಲೆ ಮಂಕಾಗಿದೆ ಎಂದು ಅತ್ತೆ ಹೇಳುತ್ತಾರೆ. ಎಲ್ಲಕ್ಕೂ ಒಂದೊಂದು ಕಾರಣ ಇತ್ತು, ನಾರಿನ ಫ್ಯಾಕ್ಟರಿಯ ರಾತ್ರಿ ಪಾಳಿಯ ಹಾಗೆ.

ಚಿಕ್ಕಗೌರಮ್ಮ ಇಳಿದು ಬಂದು, ಆ ಕಾಯಿಯನ್ನು ಮಗುವಿನ ಬೆನ್ನ ಹಿಂದೆ ಹಿಡಿದು ಅಲ್ಲಾಡಿಸಿದರು. ಅಳುತ್ತಿದ್ದ ಮಗು ಸುಮ್ಮನಾಗಿ ತಲೆ ಹೊರಳಿಸಿ ನೋಡಿತು. ಎಡಕ್ಕೆ ಹಿಡಿದರು. ಎಡಕ್ಕೆ ತಿರುಗಿತು. ಅದಕ್ಕೆ ಕೇಳುತ್ತಿತ್ತು. ತನ್ನನ್ನು ಹೆತ್ತವಳಿಗೆ ಸರಿಯಾಗಿ ಕೇಳದ, ಕಾಯಿ ಅಲ್ಲಾಡಿಸುತ್ತಿದ್ದವರಿಗೆ ಏನೇನೂ ಕೇಳದ ಸದ್ದಿಗೆ ಮಗು ಎರಡೂ ಕಡೆ ತಿರುಗಿ ತಿರುಗಿ ನಕ್ಕಿತು.

ಅದು ಹೆಣ್ಣುಮಗು. ಆ ಅಕ್ಷರ ಅದರಲ್ಲೂ ಇದೆ.

ಡಾಕ್ಟರ್ ಜೀವಿತಾ ಕೃತಿಕಾಳ ಕಿವಿ ಪರೀಕ್ಷಿಸಿದರು. ಎತ್ತರದ ಸ್ವರಗಳು ಹೋಗಿವೆ, ಮಾತಿನ ಸ್ವರಗಳು ಈಗಿನ್ನೂ ಇವೆ. ಮುಂದೆ ಎಷ್ಟು ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳಲು ಬರುವುದಿಲ್ಲ. ಮಾಡಲು ಏನಿದೆ ಎಂದರೆ ಏನೂ ಇಲ್ಲ. ಮಗುವಿನ ಹೆಸರಿನಲ್ಲಿ ಒಂದು ಚೀಟಿ ಬರೆದುಕೊಟ್ಟರು. ಈ ಸಲ ಒಂದು ಹಾಳೆ ತೆಗೆದು, ಕೆಂಚಮ್ಮನಿಂದ ಕೆಳಕ್ಕೆ ಗೆರೆ ಎಳೆದು, ಯಾರಿಂದ ಯಾರಿಗೆ ಹೋಗುತ್ತದೆ, ಯಾರಲ್ಲಿ ನಿಲ್ಲುತ್ತದೆ ಎಂದು ತೋರಿಸಿದರು. ಚಿಕ್ಕಗೌರಮ್ಮ ಆ ಗೆರೆಗಳನ್ನು ಬೆರಳಿಟ್ಟು ಅನುಸರಿಸಿದರು. ತಾವು ಚೀಟಿ ಕೊಟ್ಟವರಲ್ಲಿ ನಿಜವಾಗಿ ಅಪಾಯ ಇದ್ದವರು ಇಬ್ಬರು ತಮ್ಮಂದಿರು ಮಾತ್ರ ಎಂಬುದು ಅವರಿಗೆ ಅರ್ಥವಾಯಿತು. ಕೃತಿಕಾಳ ಗುರುತಿನ ಹತ್ತಿರ ಬೆರಳು ನಿಂತಿತು.

ಈ ಹಾಳೆಯನ್ನು ಮೊದಲ ಸಲವೇ ಬರೆದು ತೋರಿಸಬಹುದಿತ್ತು ಎಂದು ಆಮೇಲೆ ಡಾಕ್ಟರ್ ಜೀವಿತಾ ಗಂಗರಾಜುವಿನ ಹತ್ತಿರ ಹೇಳಿದರು.

ಆಗ ಡಾಕ್ಟರಿಗೆ ನೆನಪಾದದ್ದು ಹಿಂದಿನ ಒಂದು ಭೇಟಿ. ಕೃತಿಕಾ ಆಗಿನ್ನೂ ಹೆತ್ತಿರಲಿಲ್ಲ. ಕಿವಿಯ ಯಂತ್ರ ಸರಿಮಾಡಿಸಲು ಬಂದಿದ್ದ ಚಿಕ್ಕಗೌರಮ್ಮನಿಗೆ, ಸಂಬಂಧಿಕರಿಗೆ ಹೇಳಿದಿರಾ, ಎಷ್ಟು ಜನಕ್ಕೆ ಹೇಳಿದಿರಿ ಎಂದು ಬರೆದು ತೋರಿಸಿದ್ದರು. ಓದಿದ ಚಿಕ್ಕಗೌರಮ್ಮನ ಮುಖ, ಕಿವಿ ಹೋದ ಮೇಲೆ ಮೊದಲ ಸಲ, ಅರಳಿತ್ತು. ಒಬ್ಬರನ್ನೂ ಬಿಟ್ಟಿಲ್ಲವೆಂಬ ನೆಮ್ಮದಿಯಲ್ಲಿ, ಹೊರಗಿನ ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ್ದರು:

“ನಲವತ್ತಮೂರು.”